ಅರವತ್ತು ಎಫ್‌ಪಿಎಸ್ ಇದ್ದರೂ ಆಟ ಯಾಕೆ ಜರ್ಕ್ ಹೊಡೆಯುತ್ತದೆ? ಹೊಸ ಪಿಸಿಗೆ ಪಾರ್ಟ್ ಆರಿಸೋಣ ಬನ್ನಿ

ಸ್ಕ್ರೀನಿನ ಎಡ ಮೂಲೆಯಲ್ಲಿ ಒಂದು ಹಸಿರು ಅಂಕಿ ಕಾಣುತ್ತಿದೆ ಅಲ್ವಾ? 60 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 60 ಫ್ರೇಮ್, 60 ಚಿತ್ರ. ಅದರ ಕೆಳಗೆ ಒಂದು ಸಣ್ಣ ಗೆರೆ ಓಡುತ್ತಿದೆ. ಎಲ್ಲರ ಕಣ್ಣೂ ಹೋಗುವುದು ಅಂಕಿಯ ಕಡೆಗೆ. ಇವತ್ತು ನೀವು ಗೆರೆ ನೋಡಿ. ಕಾರು ತಿರುವಿಗೆ ಬಂತು... ಇಲ್ಲಿ! ಗೆರೆ ಚೂಪಾಗಿ ಮೇಲಕ್ಕೆ ಎದ್ದಿತು. ಅದೇ ಹೊತ್ತಿಗೆ ಆಟವೂ ಜರ್ಕ್ ಹೊಡೆಯಿತು. ಅಂಕಿ ಮಾತ್ರ ಏನೂ ಆಗಿಲ್ಲ ಅನ್ನುವಂತೆ 60ರಲ್ಲೇ ಕೂತಿದೆ.

ಲೆಕ್ಕ ಸುಲಭ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್. 60 ಫ್ರೇಮ್‌ಗೆ ಸಮನಾಗಿ ಹಂಚಿದರೆ ಒಂದೊಂದಕ್ಕೂ 16.7 ಸಿಗುತ್ತದೆ. ಈಗ 59 ಫ್ರೇಮ್ ತಲಾ 15 ಮಿಲಿಸೆಕೆಂಡಿನಲ್ಲಿ ಬಂದುಬಿಟ್ಟವು, ಉಳಿದ ಒಂದೇ ಒಂದು 115 ತಿಂದಿತು ಅಂದುಕೊಳ್ಳಿ. ಕೂಡಿಸಿ ನೋಡಿ, ಅದೂ 1000. ಕೌಂಟರ್ 60 ಅಂತಲೇ ತೋರಿಸುತ್ತದೆ. ಆದರೆ 115 ಮಿಲಿಸೆಕೆಂಡ್ ಪರದೆ ನಿಂತರೆ ಯಾರ ಕಣ್ಣಿಗಾದರೂ ಗೊತ್ತಾಗುತ್ತದೆ.

ಈ ಗೆರೆಯ ಹೆಸರು ಫ್ರೇಮ್ ಟೈಮ್, ಒಂದೊಂದು ಫ್ರೇಮ್ ತಿಂದ ಸಮಯ. ರಿವ್ಯೂಗಳಲ್ಲಿ ಇದನ್ನೇ ‘ಒನ್ ಪರ್ಸೆಂಟ್ ಲೋ’ ಅಂತ ಒಂದು ಅಂಕಿಯಲ್ಲಿ ಹೇಳುತ್ತಾರೆ. ಅಂದರೆ ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಫ್ರೇಮ್‌ಗಳ ವೇಗ. ಹೊಸ ಪಿಸಿಗೆ ಪಾರ್ಟ್ ಹುಡುಕುವಾಗ ನಾನು ಮೊದಲು ನೋಡುವುದು ಇದನ್ನೇ. ಸರಾಸರಿ 140, ಲೋ 55 ಇರುವ ಪಿಸಿ ಒಂದು ಕಡೆ. ಸರಾಸರಿ 110, ಲೋ 85 ಇರುವುದು ಇನ್ನೊಂದು ಕಡೆ. ನಾನು ಕಣ್ಣು ಮುಚ್ಚಿ ಎರಡನೆಯದನ್ನು ಎತ್ತಿಕೊಳ್ಳುತ್ತೇನೆ.

ಸರಿ, ಪಟ್ಟಿ ಎಲ್ಲಿಂದ ಶುರು ಮಾಡೋಣ? ಮಾನಿಟರ್‌ನಿಂದ. ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ 37 ಲಕ್ಷ. 4ಕೆಗೆ ಹೋದರೆ 83 ಲಕ್ಷ, ಅಂದರೆ 1080ಪಿಯ ನಾಲ್ಕು ಪಟ್ಟು. ಇವನ್ನೆಲ್ಲ ಪ್ರತಿ ಫ್ರೇಮ್‌ಗೂ ಹೊಸದಾಗಿ ಬಿಡಿಸಬೇಕು. 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆಯನ್ನು ಪೂರ್ತಿ ಬಳಸಬೇಕಾದರೆ ಒಂದು ಫ್ರೇಮ್‌ಗೆ ಇರುವ ಸಮಯ 6.9 ಮಿಲಿಸೆಕೆಂಡ್ ಅಷ್ಟೇ. ನನ್ನ ಆಯ್ಕೆ 1440ಪಿ, 144 ಹರ್ಟ್ಜ್. 4ಕೆ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಚೆಂದಕ್ಕಿಂತ ಓಟ ಮುಖ್ಯ.

ಮಾನಿಟರ್‌ನಲ್ಲಿ ಇನ್ನೊಂದು ಸಂಗತಿ ಇರಲೇಬೇಕು. ವೇರಿಯಬಲ್ ರಿಫ್ರೆಶ್ ರೇಟ್. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಅಂತ ಇದನ್ನು ತೋರಿಸಿತು. ಎಎಂಡಿಯದ್ದು ಫ್ರೀಸಿಂಕ್. ಮಾಮೂಲಿ ಪರದೆ ತನ್ನ ಗಡಿಯಾರದ ಪ್ರಕಾರ ಚಿತ್ರ ಬದಲಿಸುತ್ತಾ ಹೋಗುತ್ತದೆ. ಅಷ್ಟರೊಳಗೆ ಫ್ರೇಮ್ ತಯಾರಾಗದಿದ್ದರೆ ಹಳೆಯದನ್ನೇ ಮತ್ತೆ ತೋರಿಸುತ್ತದೆ. ಇಲ್ಲವೇ ಮೇಲೆ ಒಂದು ಫ್ರೇಮ್, ಕೆಳಗೆ ಇನ್ನೊಂದು ಸೇರಿ ಚಿತ್ರ ಹರಿದಂತೆ ಕಾಣುತ್ತದೆ. ಈ ಸೌಲಭ್ಯ ಇದ್ದರೆ ಫ್ರೇಮ್ ಬರುವವರೆಗೆ ಪರದೆಯೇ ಕಾಯುತ್ತದೆ. 90ರಿಂದ 120ರ ನಡುವೆ ಎಫ್‌ಪಿಎಸ್ ಓಲಾಡುತ್ತಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಆಗ ಹೇಳಿದ 115 ಮಿಲಿಸೆಕೆಂಡಿನ ಜರ್ಕ್ ಇದೆಯಲ್ಲ, ಅದನ್ನು ಇದೂ ಮುಚ್ಚಿಡಲಾರದು.

ಈಗ ಪ್ರೊಸೆಸರ್ ಮೇಲೆ ಜಾಸ್ತಿ ಸುರಿಯಬೇಕಾ, ಗ್ರಾಫಿಕ್ಸ್ ಕಾರ್ಡ್ ಮೇಲಾ? ಇದಕ್ಕೆ ಉತ್ತರ ನೀವು ಈಗ ಬಳಸುತ್ತಿರುವ ಪಿಸಿಯಲ್ಲೇ ಸಿಗುತ್ತದೆ. ನೀವು ದಿನಾ ಆಡುವ ಆಟ ತೆರೆಯಿರಿ. ರೆಸಲ್ಯೂಷನ್ ತೀರಾ ಕೆಳಗೆ ಇಳಿಸಿ. ಎಫ್‌ಪಿಎಸ್ ದಡಕ್ಕನೆ ಏರಿತಾ? ಹಾಗಿದ್ದರೆ ಇಷ್ಟು ದಿನ ಒದ್ದಾಡುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲವಾ? ಹೆಚ್ಚಿನ ಸಲ ಅಲ್ಲಿ ಸೋಲುತ್ತಿರುವುದು ಪ್ರೊಸೆಸರ್. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ತರಹದ ಶೂಟಿಂಗ್ ಆಟದಲ್ಲಿ 200, 300 ಎಫ್‌ಪಿಎಸ್ ಬೇಕು ಅನ್ನುವವರಿಗೆ ಪ್ರೊಸೆಸರೇ ಜೀವಾಳ. ಸೈಬರ್‌ಪಂಕ್ 2077ರಲ್ಲಿ ರೇ ಟ್ರೇಸಿಂಗ್ (ಬೆಳಕಿನ ದಾರಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಹಾಕುವವರು ಕಾರ್ಡಿಗೇ ಹಣ ತೆಗೆದಿಡಿ.

ಪ್ರೊಸೆಸರ್‌ನಲ್ಲಿ ಗಿಗಾಹರ್ಟ್ಜ್ ನೋಡಿ ಮರುಳಾಗಬೇಡಿ. 2022ರಲ್ಲಿ ಎಎಂಡಿ ರೈಜೆನ್ 7 5800ಎಕ್ಸ್3ಡಿ ಬಿಟ್ಟಾಗ ಒಂದು ತಮಾಷೆ ಆಯಿತು. ಅದರ ಅಣ್ಣ 5800ಎಕ್ಸ್‌ನಲ್ಲೂ ಎಂಟೇ ಕೋರ್. ಅಣ್ಣನ ವೇಗ 4.7 ಗಿಗಾಹರ್ಟ್ಜ್‌ವರೆಗೆ ಹೋಗುತ್ತದೆ, ತಮ್ಮನದು 4.5ಕ್ಕೇ ನಿಲ್ಲುತ್ತದೆ. ಆದರೂ ಆಟದಲ್ಲಿ ಗೆದ್ದದ್ದು ತಮ್ಮ! ಕಾರಣ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಪುಟ್ಟ, ವೇಗದ ಮೆಮೊರಿ. ಅಣ್ಣನಿಗೆ 32 ಎಂಬಿ ಇದ್ದರೆ ತಮ್ಮನಿಗೆ 96 ಎಂಬಿ. ಬೇಕಾದ ಸಾಮಾನೆಲ್ಲ ಮೇಜಿನ ಮೇಲೇ ಇದ್ದರೆ ಪದೇ ಪದೇ ಎದ್ದು ಉಗ್ರಾಣಕ್ಕೆ ಓಡಬೇಕಿಲ್ಲ, ಅಷ್ಟೇ ವಿಷಯ. ಆ ಓಡಾಟ ಕಡಿಮೆ ಆದಾಗ ಒನ್ ಪರ್ಸೆಂಟ್ ಲೋ ಕೂಡ ಮೇಲೇರುತ್ತದೆ. ನನ್ನ ಪಟ್ಟಿಗೆ ಅದರ ಮುಂದಿನ ತಲೆಮಾರಿನ 7800ಎಕ್ಸ್3ಡಿ ಹಾಕಿದ್ದೇನೆ. ಅದರಲ್ಲೂ ಎಂಟು ಕೋರ್, 96 ಎಂಬಿ. ಬರೀ ಆಟಕ್ಕೆ ಹದಿನಾರು ಕೋರ್ ನನಗಂತೂ ಬೇಕಿಲ್ಲ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಚಿಪ್ಪಿನಷ್ಟೇ ಮುಖ್ಯ ಅದರ ಸ್ವಂತ ಮೆಮೊರಿ, ಅಂದರೆ ವಿ-ರ್ಯಾಮ್. ಆರ್‌ಟಿಎಕ್ಸ್ 4060 ಟಿಐ ಕಾರ್ಡನ್ನೇ ತೆಗೆದುಕೊಳ್ಳಿ. ಅದು 8 ಜಿಬಿಯಲ್ಲೂ ಬಂತು, 16 ಜಿಬಿಯಲ್ಲೂ ಬಂತು. ಚಿಪ್ ಒಂದೇ. ಆಟಕ್ಕೆ 7 ಜಿಬಿ ಸಾಕಾದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಓಡುತ್ತವೆ. 8 ದಾಟಿದ ಕೂಡಲೇ ಕಥೆ ಬೇರೆ. ಆ ಕಾರ್ಡು ತನ್ನ ಮೆಮೊರಿಯಿಂದ ಸೆಕೆಂಡಿಗೆ 288 ಜಿಬಿ ಓದಬಲ್ಲದು. ಅಲ್ಲಿ ಹಿಡಿಸದೆ ಉಳಿದದ್ದು ಪಿಸಿಯ ರ್ಯಾಮ್‌ನಿಂದ ಪಿಸಿಐಇ ದಾರಿಯಲ್ಲಿ, ಅಂದರೆ ಕಾರ್ಡನ್ನು ಮದರ್‌ಬೋರ್ಡಿಗೆ ಸೇರಿಸುವ ಸ್ಲಾಟಿನ ಮೂಲಕ ಬರಬೇಕು. ಆ ದಾರಿಯ ವೇಗ ಸೆಕೆಂಡಿಗೆ ಸುಮಾರು 16 ಜಿಬಿ ಮಾತ್ರ. ಗೋಡೆಯ ಟೆಕ್ಸ್ಚರ್ ಒಂದು ತಡವಾಗಿ ಬಂದರೂ ಸಾಕು, ಫ್ರೇಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ 1440ಪಿಗೆ ಹೊಸದಾಗಿ ಕಾರ್ಡ್ ಕೊಳ್ಳುವಾಗ 12 ಜಿಬಿಗಿಂತ ಕಡಿಮೆಯದನ್ನು ನಾನು ಮುಟ್ಟುವುದಿಲ್ಲ.

ಫ್ರೇಮ್ ಜನರೇಷನ್ ಬಗ್ಗೆ ಒಂದು ಮಾತು. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡೇ ಒಂದನ್ನು ಸೃಷ್ಟಿಸಿ ತೂರಿಸುತ್ತದೆ. ಚಿತ್ರ ನುಣುಪಾಗಿ ಕಾಣುತ್ತದೆ, ನಿಜ. ಆದರೆ ನಿಮ್ಮ ಮೌಸ್ ಆಡಿದ್ದು ನಿಜವಾದ ಫ್ರೇಮ್‌ನಲ್ಲಿ ಮಾತ್ರ ಕಾಣುತ್ತದೆ. ಮೂಲದಲ್ಲೇ 60 ಬರುತ್ತಿದ್ದರೆ ಹಾಕಿಕೊಳ್ಳಿ. 30 ಬರುವುದನ್ನು 60 ಮಾಡಿಕೊಂಡರೆ ಅಂಕಿ ಏರುತ್ತದೆ, ಕೈಗೆ ಮಾತ್ರ ಕೆಸರಿನಲ್ಲೇ ನಡೆದ ಅನುಭವ.

ರ್ಯಾಮ್ ವಿಷಯಕ್ಕೆ ಬಂದರೆ, ಈ ಕ್ಲಿಪ್ ನೋಡಿ. ಇದು ನನ್ನ ಗೆಳೆಯನ ಪಿಸಿ. ಕಾರ್ಡು ಒಳ್ಳೆಯದು, ಪ್ರೊಸೆಸರೂ ಒಳ್ಳೆಯದು, ಆದರೂ ಜರ್ಕ್. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಒತ್ತಿದೆವು. ವೇಗ 4800. ನಾಲ್ಕರಲ್ಲಿ ಒಂದೇ ಸ್ಲಾಟ್ ತುಂಬಿದೆ. ಆದರೆ ರ್ಯಾಮ್ ಮೇಲಿನ ಸ್ಟಿಕ್ಕರಿನಲ್ಲಿ 6000 ಅಂತ ದೊಡ್ಡದಾಗಿ ಬರೆದಿದೆ! ಡಿಡಿಆರ್5 ರ್ಯಾಮ್ ಮೊದಲ ಸಲ ಹಾಕಿದಾಗ ಸಾಮಾನ್ಯವಾಗಿ ನಿಧಾನದ ವೇಗದಲ್ಲೇ ಏಳುತ್ತದೆ. ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ಸ್ಟಿಕ್ಕರಿನ ವೇಗ ಕೊಡುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಬೇಕು. ಜೊತೆಗೆ ಒಂದೇ ಕಡ್ಡಿಯ ಬದಲು ಎರಡು ಕಡ್ಡಿ ಹಾಕಿದರೆ ಎರಡು ಚಾನೆಲ್, ಅಂದರೆ ಡೇಟಾ ಓಡಾಡಲು ಎರಡು ದಾರಿ ಸಿಗುತ್ತವೆ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಅವನ್ನು ಹಾಕಬೇಕಾದ್ದು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ನನಗೆ 16 ಜಿಬಿಯ ಎರಡು ಕಡ್ಡಿ, 6000 ವೇಗ. ಇದಕ್ಕಿಂತ ಮೇಲಿನದಕ್ಕೆ ಸುಮ್ನೆ ದುಡ್ಡು ಸುರಿಯಲಾರೆ.

ಉಳಿದದ್ದು ಬೇಗ ಮುಗಿಯುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿ ಒಂದಿರಲಿ, ಆಟಗಳನ್ನು ಇಟ್ಟುಕೊಳ್ಳಲು; ಅತಿ ವೇಗದ್ದು ಬೇಡ, ಅದರಿಂದ ಎಫ್‌ಪಿಎಸ್ ಏರುವುದಿಲ್ಲ. ಮದರ್‌ಬೋರ್ಡ್ ಮಧ್ಯಮ ದರ್ಜೆಯದು ಸಾಕು. ಕ್ಯಾಬಿನೆಟ್ ಮುಂಭಾಗ ಗಾಜಿನದ್ದಲ್ಲ, ಜಾಲರಿಯದು. ಬಿಸಿ ಏರಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಬೇಡ. ಅದರ ಮೇಲಿನ ‘80 ಪ್ಲಸ್ ಗೋಲ್ಡ್’ ಹೇಳುವುದು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಅಂತ, ಬಾಳಿಕೆ ಎಷ್ಟು ಅಂತಲ್ಲ. ಕಾರ್ಡ್ ಕ್ಷಣಮಾತ್ರಕ್ಕೆ ತನ್ನ ಮಾಮೂಲಿ ಬಳಕೆಗಿಂತ ತುಂಬ ಜಾಸ್ತಿ ವಿದ್ಯುತ್ ಎಳೆಯಬಹುದು. ಎಟಿಎಕ್ಸ್ 3.0 ಗುಣಮಟ್ಟದ ಸಪ್ಲೈ ಅಂಥ ಎಳೆತ ತಾಳಿಕೊಳ್ಳುವಂತೆ ಮಾಡಿದ್ದು.

ಎಷ್ಟೇ ದುಬಾರಿ ಪಾರ್ಟ್ ತಂದರೂ ಪೂರ್ತಿ ಹೋಗದ ಜರ್ಕ್ ಒಂದಿದೆ. ಶೇಡರ್ ಕಂಪೈಲ್. ಹೊಸ ಜಾಗಕ್ಕೆ ಕಾಲಿಟ್ಟಾಗ, ಮೊದಲ ಸ್ಫೋಟ ಆದಾಗ, ಅದನ್ನು ಬಿಡಿಸುವ ಪುಟ್ಟ ಪ್ರೋಗ್ರಾಂ ಅಲ್ಲೇ ತಯಾರಾಗಬೇಕಾದರೆ ಫ್ರೇಮ್ ನಿಲ್ಲುತ್ತದೆ. ಇದು ಆಟ ಮಾಡಿದವರು ಸರಿಪಡಿಸಬೇಕಾದ್ದು. ಆಟ ಶುರುವಿನಲ್ಲೇ ‘ಕಂಪೈಲಿಂಗ್ ಶೇಡರ್ಸ್’ ಅಂತ ಬಂದರೆ ಅವಸರಪಟ್ಟು ಸ್ಕಿಪ್ ಒತ್ತಬೇಡಿ. ಎದ್ದು ನೀರು ಕುಡಿದು ಬನ್ನಿ.

ಜೋಡಿಸಿದ ಮೇಲೆ ಮಾನಿಟರ್ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ. ವಿಂಡೋಸ್ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 144 ಆರಿಸಿ, ಎಷ್ಟೋ ಸಲ ಅದು 60ರಲ್ಲೇ ಇರುತ್ತದೆ. ಎಫ್‌ಪಿಎಸ್‌ಗೆ 141ರ ಮಿತಿ ಹಾಕಿ. ಪರದೆಯ ವೇಗಕ್ಕಿಂತ ಸ್ವಲ್ಪ ಕೆಳಗಿದ್ದರೆ ಜಿ-ಸಿಂಕ್, ಫ್ರೀಸಿಂಕ್ ತಮ್ಮ ಕೆಲಸ ಬಿಡದೆ ಮಾಡುತ್ತವೆ. ಇಷ್ಟು ಪಟ್ಟಿ. ಸ್ಕ್ರೂ ಡ್ರೈವರ್ ಹಿಡಿಯುವ ಕೆಲಸ ಮುಂದಿನ ವಿಡಿಯೋದಲ್ಲಿ.