ಮೊದಲು ಅಳತೆ, ಆಮೇಲೆ ಆಟ

ಕೇಳುಗರೇ, ನಮಸ್ಕಾರ. ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಕೊಡಗಿನ ಮನೆಮನೆಗಳಲ್ಲಿ ಮಕ್ಕಳದು ಒಂದೇ ಹಟ: ಥೀಮ್ ಪಾರ್ಕಿಗೆ ಹೋಗಬೇಕು. ಕೆಲವರು ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿಗೆ ಹೋಗಿ ಬರುತ್ತಾರೆ; ಇನ್ನು ಕೆಲವರು ನಸುಕಿನಲ್ಲೇ ಮನೆ ಬಿಟ್ಟು ಬಿಡದಿಯ ವಂಡರ್‌ಲಾವರೆಗೂ ಹೋಗುತ್ತಾರೆ. ಇಂತಹ ಪಾರ್ಕುಗಳಲ್ಲಿ ಆಟದ ಯಂತ್ರಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಇಂಜಿನಿಯರಾಗಿ ದುಡಿದು, ಈಗ ವಿರಾಜಪೇಟೆಯ ಕಡೆ ತೋಟ ಮಾಡಿಕೊಂಡಿರುವ ನಾನು, ಚಿಕ್ಕ ಮಕ್ಕಳಿರುವ ಕುಟುಂಬದವರು ಯಾವ ಆಟ ಆಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೊರಡುವ ಮೊದಲೇ ಹೇಗೆ ತೀರ್ಮಾನಿಸಬಹುದೆಂದು ಹೇಳಬೇಕೆಂಬುದು ಆಕಾಶವಾಣಿಯವರ ಅಪೇಕ್ಷೆ. ನನ್ನ ಉತ್ತರ ಬಹಳ ಚಿಕ್ಕದು. ಟಿಕೆಟ್ ತೆಗೆಯುವ ಮೊದಲು, ಗಾಡಿ ಗೊತ್ತು ಮಾಡುವ ಮೊದಲು, ಮಗುವಿಗೆ ಯಾವ ಆಟದ ಆಸೆಯನ್ನೂ ಹುಟ್ಟಿಸುವ ಮೊದಲು, ಮನೆಯಲ್ಲೇ ಮಗುವಿನ ಎತ್ತರವನ್ನು ಅಳೆಯಿರಿ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಮಗುವನ್ನು ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಸಮತಟ್ಟಾಗಿ ಇಟ್ಟು, ಅದರ ಕೆಳ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ನೆಲದಿಂದ ಆ ಗೆರೆಯವರೆಗೆ ಟೇಪು ಹಿಡಿಯಿರಿ. ಇದನ್ನು ಸಂಜೆಯ ಹೊತ್ತು ಮಾಡಿ. ದಿನವಿಡೀ ಓಡಾಡುವಾಗ ಬೆನ್ನುಮೂಳೆಯ ನಡುವಿನ ಮೆದು ಬಿಲ್ಲೆಗಳು ಸ್ವಲ್ಪ ಕುಗ್ಗುವುದರಿಂದ, ಬೆಳಗಿನ ಎತ್ತರ ಸಂಜೆಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗುವುದುಂಟು. ಪಾರ್ಕಿನಲ್ಲಿ ನಿಮ್ಮ ಮಗು, ಆಟಕ್ಕೆ ಬೇಕಾದ ಕನಿಷ್ಠ ಎತ್ತರಕ್ಕೆ ಗೆರೆ ಹಾಕಿರುವ ಅಳತೆಯ ಕಂಬದ ಮುಂದೆ ನಿಲ್ಲುವುದು ಬೆಳಗ್ಗೆ ಹಾಸಿಗೆಯಿಂದ ಎದ್ದ ಕ್ಷಣದಲ್ಲಲ್ಲ.

‘ನಮ್ಮ ಹುಡುಗನಿಗೆ ಆರು ತುಂಬಿತು, ಇನ್ನೇನು’ ಎನ್ನುವವರಿಗೆ ಒಂದು ಮಾತು. ಪಾರ್ಕಿನ ಯಂತ್ರಕ್ಕೆ ವಯಸ್ಸು ತಿಳಿಯುವುದಿಲ್ಲ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟೇ ಎತ್ತರದ ಲೆಕ್ಕದಲ್ಲಿದೆ: 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಐದು ವರ್ಷದ ಮಗುವಿನ ಎತ್ತರ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದ ಪ್ರಕಾರ ಸರಾಸರಿ 110 ಸೆಂಟಿಮೀಟರಿನ ಆಸುಪಾಸು. ಹತ್ತು ವರ್ಷದವರದು ಕೂಡ 138ರ ಹತ್ತಿರ. ಅಂದರೆ 140 ಬೇಕೆನ್ನುವ ಆಟಕ್ಕೆ ಐದನೆಯ ತರಗತಿಯ ಎಷ್ಟೋ ಮಕ್ಕಳು ಇನ್ನೂ ತಲುಪಿರುವುದಿಲ್ಲ. ಇದು ಮನೆಯಲ್ಲೇ ತಿಳಿದಿದ್ದರೆ ಅಳು ಮನೆಯಲ್ಲೇ ಮುಗಿಯುತ್ತದೆ. ಒಂದು ಗಂಟೆ ಸರತಿಯಲ್ಲಿ ನಿಂತ ಮೇಲೆ ತಿಳಿದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಪಾರ್ಕಿನ ಕಂಬದ ಮೇಲಿನ ಈ ಎತ್ತರದ ಗೆರೆಯನ್ನು ಯಾರೋ ಮನಸ್ಸಿಗೆ ತೋಚಿದಂತೆ ಎಳೆದಿಲ್ಲ. ರೋಲರ್ ಕೋಸ್ಟರಿನಲ್ಲಿ ನಿಮ್ಮನ್ನು ಹಿಡಿದಿಡುವುದು ತೊಡೆಯ ಮೇಲೆ ಇಳಿಯುವ ಕಂಬಿ ಅಥವಾ ಹೆಗಲಿನ ಮೇಲಿಂದ ಬರುವ ಕವಚ. ಅದನ್ನು ಒಂದು ಅಳತೆಯ ದೇಹಕ್ಕೆಂದು ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ದೇಹ ಅದರ ಕೆಳಗಿನಿಂದ ಜಾರಿಹೋಗಬಹುದು. ‘ನಾನು ಪಕ್ಕದಲ್ಲಿ ಕೂತು ಹಿಡಿದುಕೊಳ್ಳುತ್ತೇನೆ’ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ದೊಡ್ಡ ಕೋಸ್ಟರಿನ ತಿರುವಿನಲ್ಲಿ ದೇಹದ ತೂಕದ ಮೂರು ಪಟ್ಟಿನಷ್ಟು ಬಲ ಬರುವುದು ಸಾಮಾನ್ಯ. ಹದಿನೈದು ಕಿಲೋ ತೂಗುವ ಮಗು ಆ ಕ್ಷಣದಲ್ಲಿ ನಿಮ್ಮ ಕೈಗೆ ನಲವತ್ತೈದು ಕಿಲೋ ಆಗಿರುತ್ತದೆ.

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ನಾನು ಕೆಲಸದಲ್ಲಿದ್ದ ಪಾರ್ಕಿಗೆ ಒಂದು ಬೇಸಿಗೆಯಲ್ಲಿ ದೊಡ್ಡ ಕುಟುಂಬವೊಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಂದಿತ್ತು. ಅದರಲ್ಲೊಬ್ಬ ಹುಡುಗ ಅಳತೆಯ ಕಂಬದ ಬಳಿಗೆ ಬರುವಾಗ ಮುಳ್ಳು ತುಳಿದವನ ಹಾಗೆ ನಡೆಯುತ್ತಿದ್ದುದನ್ನು ನೋಡಿ, ಅಲ್ಲಿದ್ದ ಸಿಬ್ಬಂದಿಯ ಹುಡುಗಿ ಬೂಟು ಬಿಚ್ಚಲು ಹೇಳಿದಳು. ಎರಡೂ ಬೂಟಿನ ಹಿಮ್ಮಡಿಯ ಜಾಗದಲ್ಲಿ ದಪ್ಪಗೆ ಮಡಚಿದ ಪತ್ರಿಕೆಯ ಹಾಳೆಗಳಿದ್ದವು. ಅದು ದೊಡ್ಡಪ್ಪನ ಮಗ ಕೊಟ್ಟ ಉಪಾಯವಂತೆ. ಬೂಟು ಬಿಚ್ಚಿದ ಮೇಲೆ ಹುಡುಗ ಗೆರೆಗಿಂತ ಕೆಳಗಿದ್ದ. ಅಷ್ಟರಲ್ಲಿ ಬಿಳಿ ಮೀಸೆಯ ಅಜ್ಜ ಸರತಿಯನ್ನು ಸರಿಸಿಕೊಂಡು ಮುಂದೆ ಬಂದು, ‘ಏನಮ್ಮಾ, ಒಂದು ಬೆರಳಿನಷ್ಟು ವ್ಯತ್ಯಾಸಕ್ಕೆ ಮಗುವನ್ನು ಅಳಿಸುತ್ತೀಯಾ? ನಾನೇ ಪಕ್ಕದಲ್ಲಿ ಕೂರುತ್ತೇನೆ, ಬಿಡು’ ಎಂದು ಪಟ್ಟು ಹಿಡಿದರು. ಆಕೆ ನನ್ನನ್ನು ಕರೆಸಿದಳು.

ನಾನು ಹೋಗಿ ನೋಡಿದರೆ ಬೂಟಿನಿಂದ ಹೊರಬಂದ ಹಾಳೆ ನಮ್ಮ ಮಡಿಕೇರಿಯ ‘ಶಕ್ತಿ’ ಪತ್ರಿಕೆ! ಊರಿನವರೆಂದು ತಿಳಿದು ಮಾತನಾಡಿಸಿದೆ. ಅಜ್ಜ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ವಾದ ಬೆಳೆಸುವುದರ ಬದಲು, ತಪಾಸಣೆಗೆಂದು ಹಳಿಯ ಬದಿಗೆ ನಿಲ್ಲಿಸಿದ್ದ ಒಂದು ಬೋಗಿಯ ಬಳಿಗೆ ಅವರನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೋಗಿ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಇಬ್ಬರಿಗೂ ಸೇರಿ ಇರುವ ಒಂದೇ ಕಂಬಿಯನ್ನು ಇಳಿಸಿದೆ. ಕಂಬಿ ಅಜ್ಜನ ತೊಡೆಗೆ ತಾಗಿದ ಕೂಡಲೇ ಅಲ್ಲೇ ನಿಂತಿತು. ಹುಡುಗನ ತೊಡೆಗೂ ಕಂಬಿಗೂ ನಡುವೆ ನನ್ನ ಮುಂಗೈಯನ್ನು ಅಡ್ಡಲಾಗಿ ತೂರಿಸಿ ಅತ್ತಿತ್ತ ಆಡಿಸಿ ತೋರಿಸಿದೆ. ‘ನೀವು ಪಕ್ಕದಲ್ಲಿ ಕೂತಿರುವುದರಿಂದಲೇ ಇವನಿಗೆ ಹಿಡಿತ ಇಲ್ಲದಂತಾಯಿತು, ಸಾರ್’ ಎಂದೆ. ಅವರು ಆ ಸಂದಿಯನ್ನೇ ನೋಡುತ್ತಿದ್ದರು. ‘ಸೈನ್ಯದ ಭರ್ತಿಗೆ ಬಂದ ಹುಡುಗ ಬೂಟಿನಲ್ಲಿ ಪೇಪರ್ ತುರುಕಿಕೊಂಡು ಬಂದಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿದ್ದಕ್ಕೆ, ‘ಅಲ್ಲಿ ಬೂಟು ಹಾಕಿಕೊಳ್ಳಲು ಬಿಟ್ಟರೆ ತಾನೇ’ ಎಂದು ಗದರಿದ ದನಿಯಲ್ಲೇ ನಕ್ಕು, ಮೊಮ್ಮಗನ ಕಡೆ ತಿರುಗಿ ಒಂದೇ ಮಾತು ಹೇಳಿದರು: ‘ಇಳಿ.’ ಮಕ್ಕಳ ಕೋಸ್ಟರಿನಲ್ಲಿ ಆ ಹುಡುಗ ಮತ್ತೆ ಮತ್ತೆ ಸರತಿಗೆ ಸೇರಿ ಕಿರುಚಿ ನಲಿಯುತ್ತಿದ್ದಾಗ, ಸುಬೇದಾರರು ಮರದ ನೆರಳಿನ ಬೆಂಚಿನಲ್ಲಿ ಕೂತು ಬೂಟಿನಿಂದ ಬಂದ ‘ಶಕ್ತಿ’ಯನ್ನು ಮಡಿಕೆ ಬಿಡಿಸಿ ಓದುತ್ತಿದ್ದರು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗನೆ ಹೇಳುತ್ತೇನೆ. ಅಳತೆ ಕೈಯಲ್ಲಿದ್ದರೆ ಯೋಜನೆ ತಾನಾಗಿಯೇ ಮೂಡುತ್ತದೆ: ಮನೆಯ ಅತಿ ಚಿಕ್ಕ ಮಗುವಿಗೆ ಒಪ್ಪುವ ಆಟಗಳನ್ನು ಮೊದಲು ಗುರುತು ಹಾಕಿ, ಗೇಟು ತೆರೆದ ಕೂಡಲೇ ಅವುಗಳ ಕಡೆ ಹೋಗಿ, ಆಗ ಸರತಿಯೂ ಚಿಕ್ಕದು, ಮಗುವಿನ ಉತ್ಸಾಹವೂ ದೊಡ್ಡದು. ದೊಡ್ಡವರ ಆಟಕ್ಕೆ ಅಪ್ಪ ಹೋದಾಗ ಅಮ್ಮ ಮಗುವಿನ ಜೊತೆ ಹೊರಗಿರಲಿ, ಆಮೇಲೆ ಅದಲು ಬದಲಾಗಲಿ.

ಬೋಯಿಕೇರಿಯ ತಿರುವುಗಳಲ್ಲಿ, ಆನೆಕಾಡಿನ ದಾರಿಯಲ್ಲಿ ವಾಂತಿ ಮಾಡುವ ಮಗುವನ್ನು ಗಿರಗಿರನೆ ತಿರುಗುವ ಆಟಕ್ಕೆ ಹತ್ತಿಸಬೇಡಿ. ಎರಡಕ್ಕೂ ಕಾರಣ ಒಂದೇ: ಒಳಗಿವಿ ಹೇಳುವ ಚಲನೆಗೂ ಕಣ್ಣು ಕಾಣುವ ಚಲನೆಗೂ ತಾಳೆಯಾಗುವುದಿಲ್ಲ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಈ ತೊಂದರೆ ಹೆಚ್ಚು. ದಾರಿಯಲ್ಲಿ ಪಂದಿಕರಿ, ಕಡಂಬುಟ್ಟು ಗಡದ್ದಾಗಿ ತಿನ್ನಿಸಿ ನೇರವಾಗಿ, ಉಯ್ಯಾಲೆಯಂತೆ ತೂಗುವ ಕೊಲಂಬಸ್ ದೋಣಿಗೆ ಕೂರಿಸುವವರಿಗೆ ನಾನೇನು ಹೇಳಲಿ? ಕೊಲಂಬಸ್ಸಿಗೆ ಬೇಕಾದ ಎತ್ತರ ಇರುವ ಮಗುವನ್ನೂ ದೋಣಿಯ ನಡುವಿನ ಸಾಲಿನಲ್ಲಿ ಕೂರಿಸಿ. ಅತಿ ಎತ್ತರಕ್ಕೆ ಹೋಗಿ ಹೊಟ್ಟೆ ತೊಳೆಸುವುದು ಎರಡು ತುದಿಯವರಿಗೆ. ಮೆರ್ರಿ ಗೋ ರೌಂಡಿನಲ್ಲಿ ಒಳಸಾಲಿನ ಕುದುರೆ ಹೊರಸಾಲಿನದಕ್ಕಿಂತ ನಿಧಾನವಾಗಿ ಸಾಗುತ್ತದೆ, ಅಂಜುವ ಮಗುವಿಗೆ ಅದೇ ಸರಿ.

ನೀರಿನ ಆಟಗಳನ್ನು ಊಟವಾಗಿ ಸ್ವಲ್ಪ ವಿಶ್ರಾಂತಿಯಾದ ಮೇಲೆ, ಬಿಸಿಲು ಇರುವಾಗಲೇ ಇಟ್ಟುಕೊಳ್ಳಿ. ‘ನಮ್ಮ ಮಕ್ಕಳಿಗೆ ಚಳಿ ಅಭ್ಯಾಸ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚಿಕ್ಕ ಮಗುವಿನ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ನೀರಿನಲ್ಲಿ ಅದರ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾಗುವವರೆಗೆ ಕಾಯದೆ ಮೈ ಒರೆಸಿ ಬಟ್ಟೆ ಬದಲಿಸಿ. ಹತ್ತಿ ಬಟ್ಟೆಗೆ ನೀರಿನ ಆಟದಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ, ನೈಲಾನ್ ಉಡುಪನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. ಅಲೆಯ ಕೊಳದಲ್ಲಿ ಚಿಕ್ಕ ಮಗು ನಿಮ್ಮ ಕೈಯಳತೆಯಿಂದ ಆಚೆ ಹೋಗಕೂಡದು, ಜೀವರಕ್ಷಕರು ಇದ್ದರೂ ಸಹ.

ತಿತಿಮತಿ, ಆನೆಚೌಕೂರು ಮಾರ್ಗವಾಗಿ ಗೋಣಿಕೊಪ್ಪ, ವಿರಾಜಪೇಟೆಗೆ ಮರಳುವವರು ಕೊನೆಯ ಒಂದು ಆಟವನ್ನು ಬಿಟ್ಟಾದರೂ ಬೇಗ ಹೊರಡಿ, ಕತ್ತಲಾದ ಮೇಲೆ ಆ ಕಾಡಿನ ರಸ್ತೆಗೆ ಆನೆ ಇಳಿಯುವುದು ನಿಮಗೆ ತಿಳಿದದ್ದೇ. ಟೇಪು ಮನೆಯಲ್ಲಿ ಇಲ್ಲದವರು ನಾಳೆ ಸಂತೆಗೆ ಹೋದಾಗ ದರ್ಜಿಗಳು ಬಳಸುವ ಟೇಪೊಂದನ್ನು ಕೊಂಡುಕೊಳ್ಳಿ, ಅದರ ಒಂದು ಬದಿಯಲ್ಲಿ ಸೆಂಟಿಮೀಟರ್ ಇರುತ್ತದೆ. ನಮಸ್ಕಾರ.