ಮಾವನ ವೇಷಗಳಿಗೊಂದು ಫೋಟೋ ಪುಸ್ತಕ

ಮೇಜಿನ ಮೇಲೆ ನೀವು ನೋಡುತ್ತಿರುವ ಎರಡು ಪುಸ್ತಕಗಳಲ್ಲಿಯೂ ಇರುವುದು ಒಂದೇ ಚಿತ್ರಗಳು. ಉಡುಪಿಯ ಕಡೆಯ ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ಬಹಳ ವರ್ಷ ವೇಷ ಕಟ್ಟಿದ ನನ್ನ ಸೋದರಮಾವನ ಚಿತ್ರಗಳು ಅವು. ಎಡಗಡೆಯದು ಮೊದಲ ಸಲ ತರಿಸಿದ ಪ್ರತಿ, ಬಲಗಡೆಯದು ಅದರ ತಪ್ಪುಗಳನ್ನು ತಿದ್ದಿದ ಮೇಲೆ ತರಿಸಿದ್ದು. ಇವೆರಡರ ವ್ಯತ್ಯಾಸ ವಿಡಿಯೋದಲ್ಲಿ ಅರ್ಧದಷ್ಟೂ ಕಾಣುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದದ ಬಣ್ಣವನ್ನು ಮತ್ತೆ ಮೊಬೈಲಿನ ಬೆಳಕಿನಲ್ಲಿ ನೋಡುತ್ತಿರುವ ನಿಮಗೆ ಚಿತ್ರಕ್ಕಿಂತ ನನ್ನ ಮಾತೇ ಹೆಚ್ಚು ಉಪಯೋಗಕ್ಕೆ ಬಂದೀತು.

ಆರಿಸಿಕೊಂಡ ಅಳತೆ 10 ಇಂಚು ಅಗಲ, 10 ಇಂಚು ಎತ್ತರ, 40 ಪುಟ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬ ಲೆಕ್ಕದಲ್ಲಿ ಒಂದು ಪುಟ ತುಂಬುವ ಚಿತ್ರಕ್ಕೆ ಪ್ರತಿ ಬದಿಯಲ್ಲೂ 3000 ಪಿಕ್ಸೆಲ್ ಇರಬೇಕು. ಆದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಿಂದ ಇಳಿಸಿಕೊಂಡ ಚಿತ್ರಗಳ ಉದ್ದನೆಯ ಬದಿಯೇ 1600 ಪಿಕ್ಸೆಲ್ ಇತ್ತು. ಅಂಥದ್ದೊಂದನ್ನು ಎರಡು ಪುಟಗಳಿಗೆ ಹಿಗ್ಗಿಸಿದರೆ ಇಂಚಿಗೆ ಉಳಿಯುವುದು 80 ಮಾತ್ರ. ಆದ್ದರಿಂದ ಚಿತ್ರ ತೆಗೆದವರನ್ನೇ ಹುಡುಕಿ ಮೂಲ ಫೈಲುಗಳನ್ನು ಕೇಳಿ ಪಡೆಯಬೇಕಾಯಿತು, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ದಿನ ಹಿಡಿದದ್ದು ಇದೇ. ಎಂಬತ್ತರ ದಶಕದ ಪೋಸ್ಟ್‌ಕಾರ್ಡ್ ಅಳತೆಯ ಪ್ರತಿಗಳನ್ನು ನಾನೇ ಸ್ಕ್ಯಾನ್ ಮಾಡಿದೆ. ಆ ಕಾಲದ ಬಣ್ಣದ ಪ್ರತಿಗಳಲ್ಲಿ ಹಸಿರುನೀಲಿಯ ಅಂಶ ಮೊದಲು ಮಾಸಿ ಇಡೀ ಚಿತ್ರ ಕೆಂಪಿಗೆ ತಿರುಗಿರುವುದರಿಂದ ಒಂದೊಂದನ್ನೂ ಕೂತು ಸರಿಪಡಿಸಬೇಕಾಯಿತು.

ಮೊದಲ ಪ್ರತಿಯನ್ನು ಆನ್‌ಲೈನ್‌ನಲ್ಲಿ ಫೋಟೋ ಪುಸ್ತಕ ಮಾಡಿಕೊಡುವ ಒಂದು ಸಂಸ್ಥೆಗೆ ಕೊಟ್ಟಿದ್ದೆ. ಪೆಟ್ಟಿಗೆ ಬಿಚ್ಚಿ ಮಾವನ ಕೈಗೆ ಕೊಟ್ಟಾಗ ಅವರು ನಾಲ್ಕು ಪುಟ ತಿರುವಿ, “ಇದು ಕರೆಂಟು ಹೋದಾಗ ತೆಗೆದ ಪಟವಾ ಮಾರಾಯ?” ಎಂದು ಕೇಳಿದರು. ತಪ್ಪು ಬಹುಮಟ್ಟಿಗೆ ನನ್ನದೇ ಆಗಿತ್ತು. ಪರದೆ ತಾನೇ ಬೆಳಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದದ್ದನ್ನಷ್ಟೇ ಹಿಂದಿರುಗಿಸುತ್ತದೆ. ಪ್ರಖರತೆಯನ್ನು ಪೂರ್ತಿ ಏರಿಸಿಟ್ಟ ಪರದೆಯಲ್ಲಿ ಕೂತು ತಿದ್ದಿದ್ದರಿಂದ, ರಾತ್ರಿಯಾಟದ ಚಿತ್ರಗಳಲ್ಲಿ ನನಗೆ ಚೆನ್ನಾಗಿಯೇ ಕಂಡಿದ್ದ ಕಪ್ಪು ಮುಂಡಾಸಿನ ಮಡಿಕೆಗಳು ಅಚ್ಚಿನಲ್ಲಿ ಒಂದೇ ಮಸಿಯ ಮುದ್ದೆಯಾಗಿದ್ದವು. ರಂಗದ ಎಲ್‌ಇಡಿ ದೀಪಗಳ ಕಡು ನೀಲಿ, ನಾಲ್ಕು ಬಣ್ಣದ ಶಾಯಿಗೆ ಎಟುಕದ ನೀಲಿಯಾದ್ದರಿಂದ, ಮಂಕು ನೇರಳೆಯಾಗಿ ಇಳಿದಿತ್ತು. ಇದಕ್ಕೆ ಯಾವ ಮುದ್ರಕರನ್ನು ದೂರಿಯೂ ಪ್ರಯೋಜನವಿಲ್ಲ.

ಕನ್ನಡದ ಅಡಿಬರಹಗಳದ್ದು ಇನ್ನೊಂದು ಕಥೆ. ಆ ಸಂಸ್ಥೆಯ ತಾಣದ ವಿನ್ಯಾಸ ಪುಟದಲ್ಲಿ ಬೆರಳಚ್ಚಿಸಿದಾಗ ಸರಿಯಾಗಿಯೇ ಕಂಡ ಅಕ್ಷರಗಳು ಅಚ್ಚಿನಲ್ಲಿ ಒತ್ತಕ್ಷರ ಕಳಚಿ, ‘ಯಕ್ಷಗಾನ’ದ ‘ಕ್ಷ’ ಎರಡು ತುಂಡಾಗಿ ಬಂದಿತ್ತು. ಅಕ್ಷರಗಳನ್ನು ಚಿತ್ರವನ್ನಾಗಿ ಮಾಡಿ ಅಂಟಿಸಿದರೆ ಆಯಿತಲ್ಲ ಎಂದುಕೊಂಡೆ. ಹಾಗೆ ಮಾಡಿದರೆ ಕಪ್ಪು ಬಣ್ಣವೂ ನಾಲ್ಕು ಶಾಯಿಗಳ ಮಿಶ್ರಣವಾಗಿ, ಅವು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣದ ಸೋರಿಕೆ ಕಾಣುತ್ತದೆ. ಕೊನೆಗೆ ಪುಟಗಳನ್ನೆಲ್ಲ ಮನೆಯಲ್ಲೇ ಜೋಡಿಸಿ, ಅಕ್ಷರಗಳನ್ನು ಬರೀ ಕಪ್ಪು ಶಾಯಿಗೆ ಗೊತ್ತುಮಾಡಿ, ಅಂಚಿನ ಕತ್ತರಿಕೆಗೆ ಸುತ್ತಲೂ 3 ಮಿಲಿಮೀಟರ್ ಬಿಟ್ಟು ಪಿಡಿಎಫ್ ಕಳಿಸುವುದೇ ಸರಿ ಎನಿಸಿತು. ಪಿಡಿಎಫ್ ಒಪ್ಪದ ಕಡೆ ಕನ್ನಡದ ಪುಸ್ತಕ ಮಾಡಿಸಬೇಡಿ ಎಂದೇ ನಾನು ಹೇಳುತ್ತೇನೆ.

ಬೆನ್ನಿಗೆ ಅಂಟು ಹಾಕಿ ಕಟ್ಟಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಎರಡು ಪುಟಕ್ಕೆ ಹರಡಿದ್ದ, ವೇಷಗಳು ರಂಗಕ್ಕೆ ಬರುವ ಒಡ್ಡೋಲಗದ ಚಿತ್ರದಲ್ಲಿ ಹಾಡುವ ಭಾಗವತರು ನಡುವಿನ ಸಂದಿಯಲ್ಲಿ ಮುಳುಗಿ ಜಾಗಟೆ ಮಾತ್ರ ಉಳಿದಿತ್ತು! ಎರಡನೆಯ ಪ್ರತಿಗೆ ಚಪ್ಪಟೆಯಾಗಿ ತೆರೆದುಕೊಳ್ಳುವ ಲೇ ಫ್ಲಾಟ್ ಕಟ್ಟನ್ನು ಆರಿಸಿದೆ. ಮದುವೆಯ ಆಲ್ಬಮ್‌ಗಳಂತೆ ನಿಜವಾದ ಫೋಟೋ ಕಾಗದದ ಮೇಲೆಯೂ ಮಾಡಿಸಬಹುದಿತ್ತು. ಬೆಳಕಿಗೆ ಒಡ್ಡಿ ರಾಸಾಯನಿಕದಲ್ಲಿ ತೊಳೆಯುವ ಆ ಕಾಗದದಲ್ಲಿ ಭೂತಗನ್ನಡಿ ಇಟ್ಟರೂ ಚುಕ್ಕೆ ಕಾಣುವುದಿಲ್ಲ, ಮುಖದ ಬಣ್ಣ ತುಂಬ ನಯವಾಗಿ ಬರುತ್ತದೆ. ಆದರೆ 40 ಪುಟಕ್ಕೇ ಅದು ಮಣೆಯಷ್ಟು ದಪ್ಪವಾಗುತ್ತದೆ, ಮತ್ತು ಮಾವನಿಗೆ ಬೇಕಾಗಿದ್ದದ್ದು ಮಡಿಲಲ್ಲಿಟ್ಟು ತಿರುವುವ ಪುಸ್ತಕ.

ಪರೀಕ್ಷಿಸುವುದಾದರೆ ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಪರೀಕ್ಷಿಸಿ. ಹಳದಿ ಬಲ್ಬಿನ ಕೆಳಗೆ ಎಲ್ಲ ಮುಖಗಳೂ ಚೆನ್ನಾಗಿಯೇ ಕಾಣುತ್ತವೆ. ನಾನು ಮೊದಲು ನೋಡುವುದು ಕತ್ತಲೆಯ ಭಾಗವನ್ನು, ಅಂದರೆ ಕಪ್ಪಿನೊಳಗೆ ಇನ್ನೊಂದು ಕಪ್ಪು ಬೇರೆಯಾಗಿ ತೋರುತ್ತದೆಯೇ ಎಂಬುದನ್ನು. ಆಮೇಲೆ ಕೆಂಪನ್ನು: ವೇಷಕ್ಕೆ ಉಡುವ ಕಸೆ ಸೀರೆಯ ಕೆಂಪು ಚೌಕಗಳಲ್ಲಿ ಬಟ್ಟೆಯ ನೆರಿಗೆ ಉಳಿದಿದ್ದರೆ ಅಚ್ಚು ಒಳ್ಳೆಯದು, ಬಳಿದ ಬಣ್ಣದಂತೆ ಸಪಾಟಾಗಿದ್ದರೆ ಅಲ್ಲ. ಸಂಜೆಯ ಆಕಾಶದಂಥ ಖಾಲಿ ಜಾಗದಲ್ಲಿ ಪಟ್ಟೆಗಳು ಎದ್ದಿವೆಯೇ ಎಂದು ಪುಟವನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಈ ಎರಡನೆಯ ಪ್ರತಿಯಲ್ಲಿಯೂ 31ನೆಯ ಪುಟದಲ್ಲಿ ಅಂಥ ತೆಳು ಪಟ್ಟೆ ಇದೆ. ಮರಳಿಸುವಷ್ಟು ದೊಡ್ಡ ದೋಷ ಎನಿಸಲಿಲ್ಲ.

ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ನೆರಳುಗಳನ್ನು ಬೇಕೆಂದೇ ಸ್ವಲ್ಪ ತಿಳಿಯಾಗಿಸಿ ಮಾಡಿಸಿದ ಈ ಪ್ರತಿಯನ್ನು ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕರ್ಣನ ವೇಷದ ಪುಟದ ಮೇಲೆ ಬೆರಳಿಟ್ಟು, ಅಂದು ಬಣ್ಣ ಹಚ್ಚುವ ಚೌಕಿಯಲ್ಲಿ ಅವಸರವಾಗಿ ಹಣೆಯ ನಾಮ ಒಂದು ಗೆರೆಯಷ್ಟು ಎಡಕ್ಕೆ ಹೋಗಿತ್ತು, ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ ಎಂದರು. ನಾನು ಹೋಗಿ ಮೂಲ ಫೈಲನ್ನು ದೊಡ್ಡದು ಮಾಡಿ ನೋಡಿದೆ. ನಾಮ ಎಡಕ್ಕೇ ಇತ್ತು.