ಹೋಟೆಲಿನಲ್ಲಿ ಮೂವರೇ ಇದ್ದರೂ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಡೆಲವೇರ್ ನದಿಯ ಒಂದು ದಡದಲ್ಲಿ ಪೆನ್ಸಿಲ್ವೇನಿಯದ ಈಸ್ಟನ್, ಎದುರು ದಡದಲ್ಲಿ ನ್ಯೂಜೆರ್ಸಿಯ ಫಿಲಿಪ್ಸ್‌ಬರ್ಗ್. ನಡುವಿನ ಸೇತುವೆಯನ್ನು ನಡೆದೇ ದಾಟಬಹುದು. ಎರಡೂ ಊರಿನಲ್ಲಿ ಒಂದೊಂದು ಪುಟ್ಟ ದೋಸೆ ಹೋಟೆಲು ಇದೆ ಎಂದುಕೊಳ್ಳಿ. ತಲಾ ಮೂವರು ಕೆಲಸಗಾರರು. ಗಲ್ಲಾದಲ್ಲಿ ನಿಲ್ಲುವ ಹೆಂಗಸು ಬಸುರಿ. ಕಾಲು ಊದಿಕೊಂಡಿದೆ, ಕೂರಲು ಒಂದು ಸ್ಟೂಲು ಕೇಳುತ್ತಾಳೆ. ಮಾಲೀಕ ಸ್ಟೂಲು ಕೊಡುವ ಬದಲು ಅವಳನ್ನು ಕೆಲಸದಿಂದಲೇ ತೆಗೆಯುತ್ತಾನೆ.

ನ್ಯೂಜೆರ್ಸಿಯಲ್ಲಾದರೆ ಅವನು ಸಿಕ್ಕಿಬಿದ್ದ. ಕೆಲಸದಲ್ಲಿ ಭೇದಭಾವ ಮಾಡಬಾರದೆನ್ನುವ ಅಲ್ಲಿನ ರಾಜ್ಯ ಕಾಯ್ದೆಗೆ ಒಬ್ಬ ಕೆಲಸಗಾರನಿದ್ದರೂ ಸಾಕು. ಬಸುರಿಗೆ ಇಂಥ ಅನುಕೂಲ ಮಾಡಿಕೊಡಬೇಕೆಂದು 2014ರಲ್ಲಿ ಅದಕ್ಕೆ ತಿದ್ದುಪಡಿಯನ್ನೂ ತಂದರು. ಪೆನ್ಸಿಲ್ವೇನಿಯದ ಕಾಯ್ದೆ ನಾಲ್ವರಿದ್ದರೆ ಮಾತ್ರ ಕಣ್ಣು ಬಿಡುತ್ತದೆ. ಕೇಂದ್ರದ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ 15 ಜನ ಬೇಕು. ಜನಾಂಗದ ಮಾತು ಬೇರೆ: ಅದಕ್ಕೆ 1866ರ ಹಳೆಯ ಕಾಯ್ದೆಯೊಂದಿದೆ, ಅದು ತಲೆ ಎಣಿಸುವುದೇ ಇಲ್ಲ.

ಸಣ್ಣ ಅಂಗಡಿಯೆಂದರೆ ಮನೆಯಿದ್ದಂತೆ, ಅಲ್ಲಿ ಸರ್ಕಾರ ಇಣುಕಬಾರದು ಎಂದು ವಾದಿಸುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ದೊಡ್ಡ ಕಂಪನಿಯಲ್ಲಿ ದೂರು ಕೊಡಲು ಒಂದು ವಿಭಾಗವಾದರೂ ಇರುತ್ತದೆ. ಮೂವರ ಹೋಟೆಲಿನಲ್ಲಿ ಬೈದವನೂ ಮಾಲೀಕನೇ, ದೂರು ಕೇಳಬೇಕಾದವನೂ ಅವನೇ.

ಈ ವಿಷಯದಲ್ಲಿ ರಾಜ್ಯಗಳೇ ಮುಂದೆ. ನ್ಯೂಯಾರ್ಕ್ 1945ರಲ್ಲಿ ಕಾಯ್ದೆ ಮಾಡಿತು, ಬೆನ್ನಿಗೇ ನ್ಯೂಜೆರ್ಸಿ. ಕೇಂದ್ರಕ್ಕೆ ಇನ್ನೂ 19 ವರ್ಷ ಹಿಡಿಯಿತು. ಆದರೆ ಅದೇ ನ್ಯೂಯಾರ್ಕ್, ನಾಲ್ವರಿಗಿಂತ ಕಡಿಮೆಯಿದ್ದವರಿಗೆ ಕೊಟ್ಟಿದ್ದ ವಿನಾಯಿತಿಯನ್ನು ಪೂರ್ತಿ ತೆಗೆದದ್ದು 2020ರಲ್ಲಿ! ಕ್ಯಾಲಿಫೋರ್ನಿಯದಲ್ಲಿ ಐವರು ಬೇಕು. ಕಿರುಕುಳದ ದೂರಿಗಾದರೆ ಒಬ್ಬರಿದ್ದರೂ ಆಯಿತು.

ನ್ಯೂಜೆರ್ಸಿಯಲ್ಲಿ ಹೋಟೆಲು ಇಟ್ಟಿರುವ ನನ್ನ ಸೋದರಮಾವ ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಹಾಕಲು ಒಂದು ಜಾಹೀರಾತು ಬರೆದು ನನಗೆ ತೋರಿಸಿದರು: “ಕೆಲಸಕ್ಕೆ ನಮ್ಮ ಕಡೆಯ ಹುಡುಗ ಬೇಕು.” ನಮ್ಮ ಬಾಯಲ್ಲಿ ಎಷ್ಟು ಸಹಜವಾದ ಮಾತು! ಅಲ್ಲಿನ ಕಾನೂನಿನ ಕಣ್ಣಿಗೆ ಮಾತ್ರ “ನಮ್ಮ ಕಡೆಯ” ಎಂದರೆ ಮೂಲದೇಶದ ಭೇದ. “ಹುಡುಗ” ಎಂದರೆ ಲಿಂಗ, ವಯಸ್ಸು ಎರಡೂ.

“ಹಾಗಾದರೆ ಏನಂತ ಬರೆಯಲಿ, ನೀನೇ ಹೇಳಮ್ಮ” ಎಂದರು ಮಾವ, ಸ್ವಲ್ಪ ಮುನಿಸಿನಿಂದಲೇ.

“ನಿಮಗೆ ಬೇಕಾದ ಕೆಲಸ ಯಾವುದು ಮಾವ?”

ಅವರು ಯೋಚಿಸಿ ಬರೆದರು: “ಬೆಳಿಗ್ಗೆ 6ಕ್ಕೆ ಬರಬೇಕು. ದೋಸೆ ಹೊಯ್ಯಲು ಗೊತ್ತಿರಬೇಕು.”